ಡ್ರಾಯಿಂಗ್ ಟ್ಯಾಬ್ಲೆಟ್ ಕೊಳ್ಳಬೇಕಾ? ಮೊದಲು ನಿಮ್ಮ ಸಮಯ ಎಲ್ಲಿ ಹೋಗ್ತಿದೆ ನೋಡಿ

ಹೋದ ತಿಂಗಳು ರಾಯಚೂರು ಕಡೆಯ ಹುಡುಗಿಯೊಬ್ಬಳು ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಮಾಡಿದ್ದಳು. "ಅಕ್ಕಾ, ಒಂದ್ ಡ್ರಾಯಿಂಗ್ ಟ್ಯಾಬ್ಲೆಟ್ ತಗೋಬೇಕಂತ ಮಾಡೀನ್ರಿ. ತಗೊಳ್ಳೋದೋ ಬ್ಯಾಡೋ ಹೇಳ್ರಿ." ಜೊತೆಗೆ ಒಂದು ಲಿಂಕ್. ತೆರೆದು ನೋಡಿದರೆ 24,000 ರೂಪಾಯಿಯ, ಸ್ಕ್ರೀನ್ ಇರುವ ಟ್ಯಾಬ್ಲೆಟ್. ಕೆಳಗೆ ಹಸಿರು ಅಕ್ಷರದಲ್ಲಿ ನೋ ಕಾಸ್ಟ್ ಇಎಂಐ.

ಅವಳ ಪೇಜನ್ನು ಮೊದಲೇ ನೋಡಿದ್ದೆ. ಬಿಎ ಕೊನೇ ವರ್ಷ. ಗೆರೆ ಇರುವ ನೋಟ್‌ಬುಕ್ಕಿನಲ್ಲಿ ಬಾಲ್‌ಪೆನ್ನಿಂದ ಕಾರ್ಟೂನ್ ಬರೆದು, ಕಿಟಕಿ ಬೆಳಕಲ್ಲಿ ಫೋಟೋ ಹೊಡೆದು ಹಾಕುತ್ತಾಳೆ. ಹಾಸ್ಟೆಲ್ ಊಟ, ಬಾರದ ಬಸ್ಸು, ಬಂದರೂ ನಿಲ್ಲದ ಬಸ್ಸು. ಒಂದು ಚಿತ್ರ ನನಗೆ ತುಂಬ ಇಷ್ಟ. ಸ್ಕಾಲರ್‌ಶಿಪ್ ವಿಚಾರಿಸಲು ಸಾಲಿನಲ್ಲಿ ನಿಂತ ಹುಡುಗ, ಸಾಲು ಸರಿದಂತೆಲ್ಲ ಗಡ್ಡ ಬಿಡುತ್ತಾ, ಕೌಂಟರ್ ತಲುಪುವ ಹೊತ್ತಿಗೆ ಕೋಲೂರಿದ ಮುದುಕ ಆಗಿರ್ತಾನೆ. ಹಿಂದೆ ನೋಟ್‌ಬುಕ್ಕಿನ ನೀಲಿ ಗೆರೆಗಳು ಹಾಗೇ ಕಾಣ್ತಿವೆ. ಒಂದು ಕಡೆ ಹೆಬ್ಬೆರಳಿನ ನೆರಳು.

ಮಕ್ಕಳಿಗೆ ಟ್ಯೂಷನ್ ಹೇಳಿ ಉಳಿಸಿದ 11,000 ರೂಪಾಯಿ ಅವಳ ಕೈಯಲ್ಲಿದೆ. ಉಳಿದದ್ದು ಇಎಂಐ. ತಕ್ಷಣ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ನಮ್ಮ ಮನೆ ಅಟ್ಟದ ಮೇಲೂ ಅಂಥದೇ ಒಂದು ಟ್ಯಾಬ್ಲೆಟ್ ಡಬ್ಬದಲ್ಲಿ ಮಲಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂಬತ್ತು ಕಂತು ಕಟ್ಟಿ ಕೊಂಡದ್ದು. ಕಂತು ಮುಗಿಯುವ ಮುಂಚೆಯೇ ನಾನು ಅದರಲ್ಲಿ ಬರೆಯೋದು ನಿಲ್ಲಿಸಿದ್ದೆ. ಇವತ್ತು ದಿನಾ ಕೆಲಸ ಮಾಡೋದು ನಾಲ್ಕು ಸಾವಿರದೊಳಗೆ ಕೊಂಡ, ಸ್ಕ್ರೀನೇ ಇಲ್ಲದ, ಸ್ಲೇಟಿನಷ್ಟು ದೊಡ್ಡ ಕಪ್ಪು ಹಲಗೆಯಲ್ಲಿ.

ಇದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳಿದ್ದಾರೆ. ಪೋಸ್ಟರ್ ಮಾಡೋ ಹುಡುಗರು, ವಿದ್ಯಾರ್ಥಿ ಸಂಘಟನೆಗಳ ಪೇಜ್ ನೋಡಿಕೊಳ್ಳೋರು, ಕಾಮಿಕ್ಸ್ ಬರೆಯಬೇಕು ಅಂತ ಕನಸಿರೋರು. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ.

ಹಲಗೆಯೊಳಗೆ ಏನಿದೆ

ಟ್ಯಾಬ್ಲೆಟ್ ಅನ್ನೋ ಪದದಲ್ಲೇ ಗೊಂದಲ ಇದೆ. ಈ ಹೆಸರಿನಲ್ಲಿ ಮೂರು ಬೇರೆಬೇರೆ ವಸ್ತುಗಳನ್ನು ಮಾರುತ್ತಾರೆ.

ಮೊದಲನೆಯದು ಪೆನ್ ಟ್ಯಾಬ್ಲೆಟ್. ಬರೀ ಹಲಗೆ, ಜೊತೆಗೊಂದು ಪೆನ್ನು. ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಬೇಕು. ಹಲಗೆ ಮೇಲೆ ಬರೆದದ್ದು ಕಂಪ್ಯೂಟರ್ ಪರದೆಯಲ್ಲಿ ಕಾಣುತ್ತೆ. ಸುಮಾರು ಮೂರರಿಂದ ಆರೇಳು ಸಾವಿರ ರೂಪಾಯಿಯೊಳಗೆ ಒಳ್ಳೆಯದೇ ಸಿಗುತ್ತೆ. ಎರಡನೆಯದು ಪೆನ್ ಡಿಸ್‌ಪ್ಲೇ. ಹಲಗೆಯೇ ಪರದೆ, ಅದರ ಮೇಲೇ ಬರೆಯಬಹುದು. ಇಪ್ಪತ್ತು ಸಾವಿರದ ಆಸುಪಾಸಿನಿಂದ ಶುರುವಾಗಿ ಲಕ್ಷ ದಾಟುತ್ತೆ. ಮೂರನೆಯದು ಐಪ್ಯಾಡ್, ಗ್ಯಾಲಕ್ಸಿ ಟ್ಯಾಬ್ ಥರದ್ದು. ಇದು ತಾನೇ ಒಂದು ಕಂಪ್ಯೂಟರ್, ಬೇರೇನೂ ಬೇಡ.

ಜನ ಎಡವೋದು ಎರಡನೆಯದರಲ್ಲಿ. ಸ್ಕ್ರೀನ್ ಇದೆ ಅಂದಮೇಲೆ ಅದೂ ಐಪ್ಯಾಡ್ ಥರಾನೇ ಇರಬೇಕು ಅಂದುಕೊಳ್ತಾರೆ. ಇಲ್ಲ. ಸಾಮಾನ್ಯ ಪೆನ್ ಡಿಸ್‌ಪ್ಲೇ ಅಂದರೆ ಪೆನ್ನಿಂದ ಬರೆಯಬಹುದಾದ ಮಾನಿಟರ್ ಅಷ್ಟೆ. ಅದಕ್ಕೆ ಸ್ವಂತ ಬುದ್ಧಿ ಇಲ್ಲ, ಕಂಪ್ಯೂಟರ್ ಸಿಕ್ಕಿಸದೆ ಇದ್ದರೆ ಕನ್ನಡಿ. ನಾನು ಆ ಹುಡುಗಿಗೆ ವಾಪಸ್ ಕೇಳಿದ ಮೊದಲ ಪ್ರಶ್ನೆಯೇ ಇದು: ಲ್ಯಾಪ್‌ಟಾಪ್ ಇದೆಯಾ? "ಇಲ್ರೀ ಅಕ್ಕಾ, ಫೋನ್ ಐತಿ." ಇಷ್ಟಕ್ಕೇ ಆ 24,000ದ ಮಾತು ಮುಗಿಯಿತು. ಪರದೆ ಮೇಲೆ ಡ್ರ್ಯಾಗನ್ ಬರೆಯುತ್ತಿರುವ ಕೈಯನ್ನು ಜಾಹೀರಾತು ತೋರಿಸುತ್ತೆ, ಹಿಂದೆ ಮೇಜಿನ ಕೆಳಗಿರುವ ಕಂಪ್ಯೂಟರನ್ನು ತೋರಿಸೋದಿಲ್ಲ.

ಇನ್ನು ಆ ಹಲಗೆ ಕೆಲಸ ಮಾಡುವ ಬಗೆ. ಇದನ್ನು ತಿಳಿದುಕೊಂಡರೆ ಅಂಗಡಿಯವರ ಅರ್ಧ ಮಾತಿಗೆ ಮರುಳಾಗೋದು ತಪ್ಪುತ್ತೆ. ಹಲಗೆಯ ಅಡಿಯಲ್ಲಿ ತಂತಿಗಳ ಜಾಲ ಇರುತ್ತೆ. ಅದು ಸಣ್ಣ ಕಾಂತಕ್ಷೇತ್ರ ಹೊರಡಿಸುತ್ತೆ. ಪೆನ್ನಿನ ಒಳಗೊಂದು ತಂತಿಸುರುಳಿ. ಹಲಗೆಯಿಂದ ಬಂದ ಶಕ್ತಿಯನ್ನೇ ಹೀರಿಕೊಂಡು ಅದು ವಾಪಸ್ ಸಿಗ್ನಲ್ ಕಳಿಸುತ್ತೆ. ಯಾವ ತಂತಿಗಳ ಮೇಲೆ ಸಿಗ್ನಲ್ ಜೋರಾಗಿದೆ ಅನ್ನೋದರಿಂದ ಪೆನ್ನು ಎಲ್ಲಿದೆ ಅಂತ ಗೊತ್ತಾಗುತ್ತೆ. ಮೊನೆ ಒತ್ತಿದಂತೆ ಸಿಗ್ನಲ್ ತುಸು ಬದಲಾಗುತ್ತೆ, ಅದರಿಂದ ಎಷ್ಟು ಒತ್ತಿದಿರಿ ಅಂತ ತಿಳಿಯುತ್ತೆ. ಇದೆಲ್ಲ ಸೆಕೆಂಡಿಗೆ ನೂರಾರು ಸಲ. ಪೆನ್ನಿಗೆ ಬ್ಯಾಟರಿ ಬೇಡ, ಚಾರ್ಜೂ ಬೇಡ. ಹತ್ತು ವರ್ಷ ಹಳೆಯ ಹಲಗೆಯೂ ಸರಾಗವಾಗಿ ಓಡೋದು ಅದಕ್ಕೇ. ಕೆಡೋಕೆ ಅದರೊಳಗೆ ಹೆಚ್ಚೇನೂ ಇಲ್ಲ.

1983ರಲ್ಲಿ ಜಪಾನಿನಲ್ಲಿ ಶುರುವಾದ ವಾಕಾಮ್ ಕಂಪನಿ ಈ ತಂತ್ರವನ್ನು ಪೇಟೆಂಟುಗಳ ಬಲದಲ್ಲಿ ದಶಕಗಳ ಕಾಲ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಆನಿಮೇಷನ್ ಸ್ಟುಡಿಯೋ, ಜಾಹೀರಾತು ಏಜೆನ್ಸಿ ಎಲ್ಲಿ ನೋಡಿದರೂ ಅದರದೇ ಹೆಸರು, ಅದು ಹೇಳಿದ್ದೇ ಬೆಲೆ. ಆಮೇಲೆ ಹುಯಾನ್, ಎಕ್ಸ್‌ಪಿ-ಪೆನ್ ಥರದ ಕಂಪನಿಗಳು ಚೀನಾದ ಶೆನ್‌ಝೆನ್‌ನಿಂದ ಬಂದವು. ಮೊದಮೊದಲು ಅವುಗಳ ಪೆನ್ನಿಗೆ ಬ್ಯಾಟರಿ ಬೇಕಿತ್ತು, ಗೆರೆ ನಡುಗುತ್ತಿತ್ತು. ಈಗ ಅವೂ ಬ್ಯಾಟರಿ ಇಲ್ಲದ ಪೆನ್ನನ್ನೇ ಕೊಡುತ್ತವೆ. ಸ್ಪರ್ಧೆ ಬಂದಮೇಲೆ ವಾಕಾಮ್ ಕೂಡ ಅಗ್ಗದ ಮಾಡೆಲ್ ಇಟ್ಟಿತು. ಹಳ್ಳಿ ಹುಡುಗಿಯೊಬ್ಬಳು ಟ್ಯೂಷನ್ ದುಡ್ಡಿನಲ್ಲಿ ಟ್ಯಾಬ್ಲೆಟ್ ಕೊಳ್ಳುವ ಲೆಕ್ಕ ಹಾಕಬಹುದಾಗಿರೋದು ಇದರಿಂದಲೇ. ಕಂಪನಿಗಳ ಕರುಣೆಯಿಂದ ಅಲ್ಲ.

ಡಬ್ಬದ ಮೇಲೆ ದೊಡ್ಡದಾಗಿ 8192 ಲೆವೆಲ್ ಪ್ರೆಶರ್ ಅಂತ ಬರೆದಿರ್ತಾರೆ. ಕೆಲವು ಹೊಸದರಲ್ಲಿ 16,384. ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನಿಸುತ್ತಲ್ಲ? ಅಗ್ಗದ ವಾಕಾಮ್ ಮಾಡೆಲ್‌ನಲ್ಲಿ 2048 ಲೆವೆಲ್ ಮಾತ್ರ ಇದೆ. ನಿಮ್ಮ ಕೈಯಾಗಲಿ ಕಣ್ಣಾಗಲಿ ಈ ವ್ಯತ್ಯಾಸ ಹಿಡಿಯಲಾರದು. ಗೊತ್ತಾಗುವುದು ಬೇರೆ ವಿಷಯಗಳು. ಪೆನ್ನನ್ನು ಎಷ್ಟು ಹಗುರವಾಗಿ ತಾಕಿಸಿದರೆ ಗೆರೆ ಮೂಡುತ್ತೆ? ಕೆಲವದರಲ್ಲಿ ಒತ್ತಿ ಬರೆದರೇ ಬರೋದು, ಸಂಜೆ ಹೊತ್ತಿಗೆ ಮಣಿಕಟ್ಟು ನೋವು. ನಿಧಾನಕ್ಕೆ ಓರೆ ಗೆರೆ ಎಳೆದರೆ ನೆಟ್ಟಗಿರುತ್ತಾ, ಅಲೆ ಅಲೆಯಾಗುತ್ತಾ? ಡ್ರೈವರ್ ಸಾಫ್ಟ್‌ವೇರ್ ಮಾತುಮಾತಿಗೆ ಕೈಕೊಡುತ್ತಾ? ಬದಲಿ ಪೆನ್ನು ನಮ್ಮಲ್ಲಿ ಸಿಗುತ್ತಾ? ಇದ್ಯಾವುದನ್ನೂ ಡಬ್ಬದ ಮೇಲೆ ಬರೆಯೋದಿಲ್ಲ. ಬಳಸಿದವರನ್ನೇ ಕೇಳಬೇಕು. ಡಬ್ಬದಲ್ಲಿ ಬರುವ ಬದಲಿ ಮೊನೆಗಳನ್ನು ಎಸೆಯಬೇಡಿ, ಮೊನೆ ಸವೆಯುತ್ತೆ. ಪೆನ್ನನ್ನು ತಲೆಕೆಳಗಾಗಿ ಬೀಳಿಸಬೇಡಿ. ಹಲಗೆ ಹತ್ತು ವರ್ಷ ಬಂದೀತು, ಪೆನ್ನು ಒಂದೇ ಏಟಿಗೆ ಹೋಗುತ್ತೆ.

ಹತ್ತು ಚಿತ್ರದ ಲೆಕ್ಕ

ಯಾವುದು ಕೊಳ್ಳಬೇಕು ಅನ್ನೋದಕ್ಕಿಂತ ಮುಂಚೆ, ಕೊಳ್ಳಲೇಬೇಕಾ ಅನ್ನೋದು ಗೊತ್ತಾಗಬೇಕು. ನಾನು ಅವಳಿಗೆ ಒಂದು ಕೆಲಸ ಹೇಳಿದೆ. ಮುಂದಿನ ಹತ್ತು ಕಾರ್ಟೂನ್ ಮಾಡುವಾಗ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಹೋಯ್ತು ಅಂತ ಬರೆದಿಡು. ಯೋಚನೆಗೆ ಎಷ್ಟು, ಪೆನ್ಸಿಲ್‌ಗೆ ಎಷ್ಟು, ಇಂಕಿಗೆ ಎಷ್ಟು, ಆಮೇಲೆ ಪೋಸ್ಟ್ ಮಾಡುವವರೆಗೆ ಎಷ್ಟು.

ಹದಿನೈದು ದಿನ ಬಿಟ್ಟು ಕಳಿಸಿದಳು. ಬರೆಯೋಕೆ ಮುಕ್ಕಾಲು ಗಂಟೆ. ಫೋಟೋ ತೆಗೆದು, ನೆರಳು ಹೋಗಿಸಿ, ನೀಲಿ ಗೆರೆ ಒರೆಸಿ, ಫೋನಿನ ಆಪ್‌ನಲ್ಲಿ ಕನ್ನಡ ಅಕ್ಷರ ಕೂರಿಸಿ, ತಪ್ಪಾದರೆ ಮತ್ತೆ ಮೊದಲಿಂದ ಬರೆದು ಮುಗಿಸೋಕೆ ಒಂದೂವರೆ ಗಂಟೆಗೂ ಹೆಚ್ಚು.

ಈ ಲೆಕ್ಕ ಇಲ್ಲದೆ ಕೊಂಡವರು ಮೋಸ ಹೋಗ್ತಾರೆ. ನಾನು ಹೋದದ್ದೂ ಹಾಗೇ. ನನ್ನ ಸಮಯವೆಲ್ಲ ಹೋಗ್ತಿದ್ದದ್ದು ಯೋಚನೆಯಲ್ಲಿ. ಏನು ಬರೆಯಬೇಕು ಅಂತ ಗೊತ್ತಾಗದೆ ಕೂತಿರುತ್ತಿದ್ದೆ, ಒಳ್ಳೆ ಸಾಧನ ಇದ್ದಿದ್ದರೆ ಬರೀತಿದ್ದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಾಧನ ಬಂತು, ಅದರ ಮುಂದೆಯೂ ಸುಮ್ಮನೇ ಕೂತೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ 1951ರಿಂದ ದಶಕಗಳ ಕಾಲ ಪತ್ರಿಕೆಯ ಪಾಕೆಟ್ ಕಾರ್ಟೂನು ಬರೆದದ್ದು ಕುಂಚ, ಇಂಕು, ಕಾಗದದಲ್ಲಿ. ಅವರಿಗೆ ಅನ್‌ಡೂ ಬಟನ್ ಇರಲಿಲ್ಲ. ಸಾಮಾನ್ಯ ಮನುಷ್ಯನ ಕೋಟಿನ ಚೌಕಗಳನ್ನು ಕಾಪಿ ಪೇಸ್ಟ್ ಮಾಡುವಂತೆಯೂ ಇರಲಿಲ್ಲ. ರಾಜಕೀಯ ಕಾರ್ಟೂನಿಗೆ ಬೇಕಾದ್ದು ಏನನ್ನು ಬಿಡಬೇಕು ಅಂತ ಗೊತ್ತಿರೋದು. ಅದನ್ನು ಟ್ಯಾಬ್ಲೆಟ್ ಕಲಿಸೋದಿಲ್ಲ. ಸಾವಿರ ಬ್ರಷ್ ಕೊಟ್ಟು ಬಿಡದಿರುವ ಹಾಗೆ ಆಸೆ ಹುಟ್ಟಿಸುತ್ತೆ, ಅಷ್ಟೆ.

ಆದರೆ ಈ ಹುಡುಗಿಯ ಲೆಕ್ಕ ನನ್ನದಕ್ಕಿಂತ ಪೂರ್ತಿ ಬೇರೆ. ಅವಳಿಗೆ ಐಡಿಯಾ ಇದೆ, ಗೆರೆ ಇದೆ. ಕಾಗದದಿಂದ ಪರದೆಗೆ ದಾಟುವಲ್ಲಿ ಒದ್ದಾಡ್ತಿದ್ದಾಳೆ. ಟ್ಯಾಬ್ಲೆಟ್ ನಿಜಕ್ಕೂ ನೆರವಾಗೋದು ಈ ಜಾಗದಲ್ಲೇ.

ಹಾಗಿದ್ದರೂ ಮೊದಲು ನೋಟ್‌ಬುಕ್ ಬಿಡು ಅಂದೆ. ಒಂದು ಕಟ್ಟು ಎ4 ಬಿಳಿ ಹಾಳೆ ಮುನ್ನೂರು ರೂಪಾಯಿ ಆಸುಪಾಸು, ಐನೂರು ಹಾಳೆ. ನೀಲಿ ಗೆರೆ ಒರೆಸುವ ಕೆಲಸವೇ ಹೋಯ್ತು. ಬಾಲ್‌ಪೆನ್ ಬದಲು ಕಪ್ಪು ಜೆಲ್ ಪೆನ್. ಫೋಟೋ ಬದಲು ಫೋನಿನಲ್ಲೇ ಇರುವ ಡಾಕ್ಯುಮೆಂಟ್ ಸ್ಕ್ಯಾನ್. ಅದು ನೆರಳು ತೆಗೆದು ಬಿಳಿಯನ್ನು ಬಿಳಿ, ಕಪ್ಪನ್ನು ಕಪ್ಪು ಮಾಡುತ್ತೆ. ಇಷ್ಟಕ್ಕೇ ಅವಳ ಒಂದೂವರೆ ಗಂಟೆ ಐವತ್ತು ನಿಮಿಷಕ್ಕೆ ಇಳಿಯಿತು. ನಿಮ್ಮ ಲೆಕ್ಕವೂ ಇಲ್ಲಿಗೇ ಸರಿಹೋದರೆ ಟ್ಯಾಬ್ಲೆಟ್ ಬೇಡ. ದುಡ್ಡು ಉಳಿಸಿಕೊಳ್ಳಿ.

ಉಳಿದ ಐವತ್ತು ನಿಮಿಷದಲ್ಲಿ ಹೆಚ್ಚಿನದು ಅಕ್ಷರದ್ದು. ಕನ್ನಡದಲ್ಲಿ ಪೋಸ್ಟರ್ ಮಾಡಿದ ಯಾರಿಗಾದರೂ ಈ ಕಷ್ಟ ಗೊತ್ತು. ಫೋಟೋಶಾಪಿನ ಹಳೇ ಆವೃತ್ತಿಗಳಲ್ಲಿ ಭಾರತೀಯ ಭಾಷೆಗಳ ಟೆಕ್ಸ್ಟ್ ಎಂಜಿನ್ ಆನ್ ಮಾಡದೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತೆ. ಡಿಟಿಪಿ ಅಂಗಡಿಯಲ್ಲಿ ಕೋರೆಲ್ ಡ್ರಾ, ಹಳೇ ನುಡಿ ಫಾಂಟು. ಅಲ್ಲಿ ಮಾಡಿದ್ದನ್ನು ವಾಟ್ಸಾಪಿನ ಪಠ್ಯಕ್ಕೆ ತರೋಕಾಗಲ್ಲ, ವಾಟ್ಸಾಪಿನದ್ದು ಅಲ್ಲಿಗೆ ಕನ್ವರ್ಟ್ ಮಾಡದೆ ಹೋಗಲ್ಲ. ಮೊಬೈಲ್ ಆಪ್‌ಗಳಲ್ಲಿ ನಾಲ್ಕೈದು ಫಾಂಟು, ಎಲ್ಲ ಪೇಜೂ ಒಂದೇ ಥರ ಕಾಣುತ್ತೆ. ಟ್ಯಾಬ್ಲೆಟ್ ಇದ್ದರೆ ಅಕ್ಷರವನ್ನು ಕೈಯಲ್ಲೇ ಬರೆಯಬಹುದು. ನಮ್ಮ ಲಿಪಿ ಗುಂಡಗೆ, ಪೆನ್ನಿನ ಒತ್ತಡಕ್ಕೆ ದಪ್ಪ ತೆಳು ಆಗುತ್ತಾ ಓಡೋಕೆ ಹೇಳಿ ಮಾಡಿಸಿದ್ದು. ಚಿತ್ರ ಒಂದು ಲೇಯರ್, ಅಕ್ಷರ ಇನ್ನೊಂದು ಲೇಯರ್. ತಪ್ಪಾದರೆ ಆ ಒಂದು ಪದ ಮಾತ್ರ ಅಳಿಸಿ ಬರೆಯೋದು. ಅದೇ ಚಿತ್ರವನ್ನು ಇನ್‌ಸ್ಟಾಗೆ ಚೌಕ, ಸ್ಟೇಟಸ್‌ಗೆ ಉದ್ದ, ಕಾಲೇಜಿನ ಗೋಡೆಗೆ ಎ3 ಮಾಡಿಕೊಳ್ಳಬಹುದು. ಕಾಗದಕ್ಕೆ ಸುಲಭವಾಗಿ ಆಗದೇ ಇರೋದು ಇದು. ನನಗೆ ಟ್ಯಾಬ್ಲೆಟ್ ಬಿಟ್ಟು ಇರೋಕಾಗದೇ ಇರೋದೂ ಇದೊಂದೇ ಕಾರಣಕ್ಕೆ. ಚಿತ್ರವನ್ನು ಈಗಲೂ ಎಷ್ಟೋ ಸಲ ಕಾಗದದಲ್ಲೇ ಬರೀತೀನಿ.

ಮೊದಲ ವಾರ ಮಾತ್ರ ಅಳು ಬರುತ್ತೆ, ಹೇಳಿಬಿಡ್ತೀನಿ. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ. ಸೊನ್ನೆ ಸುತ್ತಿದರೆ ಆಲೂಗಡ್ಡೆ ಆಗುತ್ತೆ. ಆದರೆ ಮೌಸ್ ಹಿಡಿದಾಗ ಯಾರೂ ಮೌಸನ್ನು ನೋಡಲ್ಲ ತಾನೆ? ಅದೇ ಅಭ್ಯಾಸ ಇದು. ಎರಡು ಮೂರು ವಾರ ದಿನಾ ಅರ್ಧ ಗಂಟೆ ಕೂತರೆ ಹೆಚ್ಚಿನವರಿಗೆ ಕೂಡಿಬರುತ್ತೆ. ಒಂದು ಸೆಟ್ಟಿಂಗ್ ಮಾತ್ರ ಮೊದಲ ದಿನವೇ ನೋಡಿ. ಹಲಗೆಯ ಉದ್ದಗಲದ ಪ್ರಮಾಣ ಪರದೆಯದಕ್ಕೆ ಹೊಂದಬೇಕು, ಇಲ್ಲದಿದ್ದರೆ ನಿಮ್ಮ ತಪ್ಪಿಲ್ಲದೆಯೇ ಎಲ್ಲ ಸೊನ್ನೆಯೂ ಮೊಟ್ಟೆ ಆಗುತ್ತೆ. ಎಡಗೈಯವರು ಹಲಗೆಯನ್ನು ತಿರುಗಿಸಿಟ್ಟು ಡ್ರೈವರಿನಲ್ಲಿ 180 ಡಿಗ್ರಿ ಅಂತ ಕೊಟ್ಟರೆ ಸಾಕು.

ಫೋನ್ ಒಂದೇ ಇದ್ದರೆ

ನಮ್ಮಲ್ಲಿ ಚಿತ್ರ ಬರೆಯೋ ಹುಡುಗ ಹುಡುಗಿಯರ ಬಹುಪಾಲು ಪರಿಸ್ಥಿತಿ ಇದು, ಆದರೆ ಯೂಟ್ಯೂಬ್ ರಿವ್ಯೂಗಳಲ್ಲಿ ಎರಡು ಮಾನಿಟರ್ ಮುಂದೆ ಕೂತು ಮಾತಾಡೋರಿಗೆ ಇದರ ಕಲ್ಪನೆಯೇ ಇರಲ್ಲ.

ಈಗಿನ ಅನೇಕ ಪೆನ್ ಟ್ಯಾಬ್ಲೆಟ್‌ಗಳನ್ನು ಒಟಿಜಿ ವೈರಿನಲ್ಲಿ ಆಂಡ್ರಾಯ್ಡ್ ಫೋನಿಗೂ ಸಿಕ್ಕಿಸಬಹುದು. ಐಬಿಸ್ ಪೇಂಟ್ ಥರದ ಆಪ್‌ನಲ್ಲಿ ಒತ್ತಡವೂ ಕೆಲಸ ಮಾಡುತ್ತೆ. ಕೊಳ್ಳುವ ಮುಂಚೆ ನಿಮ್ಮ ಫೋನಿಗೆ ಹೊಂದುತ್ತಾ ಅಂತ ಕಂಪನಿಯ ಪಟ್ಟಿ ನೋಡಿ, ಎಲ್ಲ ಫೋನೂ ಹೊಂದಲ್ಲ. ಇನ್ನೊಂದು ತೊಡಕು ಜಾಹೀರಾತಿನಲ್ಲಿ ಕಾಣಲ್ಲ. ಫೋನನ್ನು ನೆಟ್ಟಗೆ ಹಿಡಿದರೆ ಹಲವು ಮಾಡೆಲ್‌ಗಳಲ್ಲಿ ಹಲಗೆಯ ಸಣ್ಣ ಭಾಗ ಮಾತ್ರ ಕೆಲಸ ಮಾಡುತ್ತೆ, ಅಂಗೈಯಗಲದ ಜಾಗದಲ್ಲಿ ಬರೀಬೇಕು. ಫೋನ್ ಅಡ್ಡ ಇಟ್ಟುಕೊಂಡರೆ ವಾಸಿ. ಆರು ಇಂಚಿನ ಪರದೆಯಲ್ಲಿ ಕಣ್ಣು ಬೇಗ ದಣಿಯುತ್ತೆ. ಆದರೂ ಬೆರಳಲ್ಲಿ ಬರೆಯೋದಕ್ಕಿಂತ ಎಷ್ಟೋ ಮೇಲು.

ಐಪ್ಯಾಡ್ ಬಗ್ಗೆ ಎಲ್ಲರೂ ಕೇಳ್ತಾರೆ. ಒಳ್ಳೆಯದೇ, ಅನುಮಾನ ಇಲ್ಲ. ಎಲ್ಲಕ್ಕಿಂತ ಕಮ್ಮಿ ಬೆಲೆಯದ್ದೇ ಮೂವತ್ತು ಸಾವಿರದ ಮೇಲೆ, ಪೆನ್ಸಿಲ್ ಬೇರೆ. ಇಲ್ಲೊಂದು ಗುಂಡಿ ಇದೆ: ಆಪಲ್‌ನ ಅಗ್ಗದ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ಗೊತ್ತಾಗಲ್ಲ. ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ. ನೋಟ್ಸ್ ಬರೆಯೋಕೆ ಸರಿ, ಚಿತ್ರಕ್ಕೆ ಅಲ್ಲ. ಇದನ್ನು ತಿಳಿಯದೆ ಕೊಂಡು ಬೇಜಾರಾದವರನ್ನು ನೋಡಿದೀನಿ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥ ಮಾಡೆಲ್‌ನಲ್ಲಿ ಪೆನ್ನು ಡಬ್ಬದಲ್ಲೇ ಬರುತ್ತೆ. ಅದರ ಪೆನ್ನಿನಲ್ಲಿ ಇರೋದೂ ನಾನು ಮೇಲೆ ಹೇಳಿದ ತಂತಿಸುರುಳಿಯ ತಂತ್ರವೇ, ಬ್ಯಾಟರಿ ಬೇಡ. ಲ್ಯಾಪ್‌ಟಾಪ್ ಇಲ್ಲದವರು ಇಪ್ಪತ್ತು ಸಾವಿರ ಖರ್ಚು ಮಾಡಲೇಬೇಕು ಅಂದರೆ ಪೆನ್ ಡಿಸ್‌ಪ್ಲೇಗಿಂತ ಇದು ಸರಿ. ಸೆಕೆಂಡ್ ಹ್ಯಾಂಡ್ ಆದರೆ ಬ್ಯಾಟರಿ ಎಷ್ಟು ಬರುತ್ತೆ ಅಂತ ಎದುರಿಗೇ ಕೂತು ನೋಡಿ.

ಸೆಕೆಂಡ್ ಹ್ಯಾಂಡ್ ಪೆನ್ ಟ್ಯಾಬ್ಲೆಟ್ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ಕೊಳ್ಳಿ. ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಮೇಷ್ಟ್ರುಗಳು, ಕೋಚಿಂಗ್‌ನೋರು ಕೊಂಡ ಹಲಗೆಗಳು ಎಷ್ಟೋ ಮನೆಯಲ್ಲಿ ಧೂಳು ತಿನ್ನುತ್ತಿವೆ. ನಿಮ್ಮ ಗಣಿತದ ಮೇಷ್ಟ್ರನ್ನೇ ಒಮ್ಮೆ ಕೇಳಿ. ಒಂದು ವಾರ ಕೊಡಿ ಸರ್, ನೋಡಿ ವಾಪಸ್ ಕೊಡ್ತೀನಿ ಅಂದರೆ ಇಲ್ಲ ಅನ್ನೋರು ಕಮ್ಮಿ. ಕೊಳ್ಳೋದಕ್ಕಿಂತ ಮುಂಚೆ ಎರವಲು ತಂದು ನೋಡೋದು ಎಲ್ಲ ರಿವ್ಯೂಗಿಂತ ಮೇಲು.

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಡಿ, ಕದಿಯಲೂಬೇಡಿ. ಕ್ರಿತಾ ಅಂತಿದೆ. ಕೆಡಿಇ ಅನ್ನೋ ಮುಕ್ತ ತಂತ್ರಾಂಶ ಸಮುದಾಯ ಮಾಡಿದ್ದು, ಪೂರ್ತಿ ಉಚಿತ, ಚಿತ್ರ ಬರೆಯೋರಿಗೆ ಅಂತಲೇ ಮಾಡಿದ್ದು. ಫ್ರಾನ್ಸಿನ ಡೇವಿಡ್ ರೆವಾಯ್ 2014ರಿಂದ ಪೆಪ್ಪರ್ ಆಂಡ್ ಕ್ಯಾರೆಟ್ ಅನ್ನೋ ವೆಬ್‌ಕಾಮಿಕ್ಕನ್ನು ಇದರಲ್ಲೇ ಬರೆದು, ಯಾರು ಬೇಕಾದರೂ ಬಳಸಬಹುದು ಅಂತ ಮೂಲ ಫೈಲುಗಳ ಸಮೇತ ಹಂಚುತ್ತಾರೆ. ಆ ಫೈಲು ಇಳಿಸಿಕೊಂಡು ಲೇಯರ್ ಒಂದೊಂದನ್ನೇ ಬಿಚ್ಚಿ ನೋಡಿದರೆ ಒಂದು ಕೋರ್ಸು ಮಾಡಿದ ಹಾಗೆ. ಕನ್ನಡ ಅಕ್ಷರವನ್ನು ಟೈಪೇ ಮಾಡಬೇಕು ಅಂದರೆ ಇಂಕ್‌ಸ್ಕೇಪ್, ಗಿಂಪ್ ಎರಡರಲ್ಲೂ ಯೂನಿಕೋಡ್ ಒತ್ತಕ್ಷರ ಸರಿಯಾಗಿ ಬರುತ್ತೆ. ಇವೂ ಉಚಿತ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡರೆ ವಾಕಾಮ್ ಹಲಗೆಗಳು ಸಾಮಾನ್ಯವಾಗಿ ಬೇರೆ ಡ್ರೈವರ್ ಇಲ್ಲದೆಯೇ ಓಡುತ್ತವೆ.

ಪೆನ್ನಿನ ಆ ಕಡೆ ಯಾರಿದ್ದಾರೆ

ಕಾಗದ ನಿಮ್ಮನ್ನು ಗಮನಿಸಲ್ಲ. ಟ್ಯಾಬ್ಲೆಟ್ ವಿಚಾರದಲ್ಲಿ ಹಾಗೆ ಹೇಳೋಕಾಗಲ್ಲ. 2020ರ ಫೆಬ್ರವರಿಯಲ್ಲಿ ಒಬ್ಬ ಪ್ರೋಗ್ರಾಮರ್ ವಾಕಾಮ್ ಡ್ರೈವರನ್ನು ಜಾಲಾಡಿ, ಅದು ಬಳಕೆದಾರರು ತಮ್ಮ ಕಂಪ್ಯೂಟರಿನಲ್ಲಿ ಯಾವ ಯಾವ ಆಪ್ ತೆರೀತಾರೆ ಅನ್ನೋದನ್ನು ಗೂಗಲ್ ಅನಲಿಟಿಕ್ಸ್‌ಗೆ ಕಳಿಸ್ತಿದೆ ಅಂತ ತೋರಿಸಿದರು. ಗದ್ದಲ ಆಯ್ತು. ಕಂಪನಿ ಸಮಜಾಯಿಷಿ ಕೊಟ್ಟು, ಬೇಡದವರು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಕೊಳ್ಳಬಹುದು ಅಂದಿತು. ಚಿತ್ರ ಬರೆಯೋ ಹಲಗೆಗೆ ಈ ಮಾಹಿತಿ ಯಾಕೆ ಬೇಕು? ಯಾವ ಕಂಪನಿಯದೇ ಆಗಲಿ, ಡ್ರೈವರ್ ಹಾಕುವಾಗ ಒಪ್ಪಿಗೆಯ ಟಿಕ್ ಮಾರ್ಕುಗಳನ್ನು ಓದಿ ತೆಗೀರಿ.

ಅಡೋಬಿಯ ಕಥೆ 2024ರದ್ದು. ಆ ಜೂನ್‌ನಲ್ಲಿ ಬಳಕೆಯ ನಿಯಮ ಬದಲಿಸಿದಾಗ, ತಮ್ಮ ಚಿತ್ರಗಳನ್ನು ಎಐ ತರಬೇತಿಗೆ ಬಳಸ್ತಾರೆ ಅಂತ ಕಲಾವಿದರು ಸಿಡಿದೆದ್ದರು. ಹಾಗೆ ಮಾಡಲ್ಲ ಅಂತ ಕಂಪನಿ ಸ್ಪಷ್ಟನೆ ಕೊಟ್ಟು ನಿಯಮದ ಭಾಷೆ ತಿದ್ದಬೇಕಾಯ್ತು. ಅದೇ ತಿಂಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಕೇಸು ಹಾಕಿತು. ವರ್ಷದ ಚಂದಾವನ್ನು ತಿಂಗಳ ಕಂತಿನಂತೆ ತೋರಿಸಿ, ಮಧ್ಯೆ ಬಿಡುವವರಿಗೆ ದಂಡ ಬೀಳುತ್ತೆ ಅನ್ನೋದನ್ನು ಮುಚ್ಚಿಟ್ಟಿದೆ ಅನ್ನೋದು ಆರೋಪ. ಅದೇ ವರ್ಷ ಜನವರಿಯಲ್ಲಿ ವಾಕಾಮ್‌ನ ಜಾಹೀರಾತಿನಲ್ಲಿ ಬಂದ ಡ್ರ್ಯಾಗನ್ ಚಿತ್ರ ಎಐ ಮಾಡಿದ್ದರ ಹಾಗಿದೆ ಅಂತ ಗಲಾಟೆಯಾಗಿ ಕಂಪನಿ ಕ್ಷಮೆ ಕೇಳಿತ್ತು. ಚಿತ್ರ ಬರೆಯೋರಿಗೆ ಪೆನ್ನು ಮಾರುವ ಕಂಪನಿಗೇ ಚಿತ್ರ ಬರೆಯೋರು ಬೇಡವಾದರೆ ಹೇಗೆ ಅಂತ ಆಗ ನಾವೆಲ್ಲ ನಕ್ಕಿದ್ದೆವು. ಐಪ್ಯಾಡಿನ ಪ್ರೊಕ್ರಿಯೇಟ್ ಆಪ್‌ನವರು ಮಾತ್ರ ಆ ಆಗಸ್ಟ್‌ನಲ್ಲಿ, ನಮ್ಮ ಆಪ್‌ಗೆ ಜನರೇಟಿವ್ ಎಐ ತರಲ್ಲ ಅಂತ ಬಹಿರಂಗವಾಗಿ ಹೇಳಿದರು.

"ಎಐ ಇರೋವಾಗ ಕೈಯಲ್ಲಿ ಯಾಕ ಬರೀಬೇಕು ಅಂತಾರ್ರೀ ನಮ್ಮ ಕಾಲೇಜಿನಾಗ" ಅಂತ ಅವಳೂ ಕೇಳಿದಳು. ಎಐ ಪೋಸ್ಟರುಗಳಲ್ಲಿನ ಕನ್ನಡ ನೋಡಿದೀಯಲ್ಲ ಅಂದೆ. ಎಷ್ಟೋ ಸಲ ಅಕ್ಷರದ ಹಾಗೆ ಕಾಣುವ ಜಿಲೇಬಿ. ನಾಳೆ ಅದು ಸರಿಹೋಗಬಹುದು, ನನ್ನ ವಾದ ಅದರ ಮೇಲೆ ನಿಂತಿಲ್ಲ. ಸ್ಕಾಲರ್‌ಶಿಪ್ ಸಾಲಿನಲ್ಲಿ ಮುದುಕನಾಗುವ ಹುಡುಗನನ್ನು ಬರೆದವಳು ಆ ಸಾಲಿನಲ್ಲಿ ನಿಂತಿದ್ದವಳು. ಮೂಲೆಯಲ್ಲಿ ಅವಳ ಸಹಿ ಇದೆ. ಅಂದರೆ ಇದಕ್ಕೆ ನಾನು ಜವಾಬು ಅಂತ ಒಬ್ಬರು ಹೇಳಿದ್ದಾರೆ.

ಆ ಜವಾಬು ಅಂದರೆ ಏನು ಅನ್ನೋದೂ ಗೊತ್ತಿರಲಿ. 2012ರಲ್ಲಿ ಅಸೀಂ ತ್ರಿವೇದಿಯವರನ್ನು ಕಾರ್ಟೂನಿಗಾಗಿ ಮುಂಬೈಯಲ್ಲಿ ದೇಶದ್ರೋಹದ ಆರೋಪದಡಿ ಬಂಧಿಸಿದ್ದರು. ಅದೇ ವರ್ಷ ಕೋಲ್ಕತ್ತದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಅವರು ಮುಖ್ಯಮಂತ್ರಿಯ ಕುರಿತ ವ್ಯಂಗ್ಯಚಿತ್ರವನ್ನು ಈಮೇಲಿನಲ್ಲಿ ಫಾರ್ವರ್ಡ್ ಮಾಡಿದ್ದಕ್ಕೆ ಬಂಧನಕ್ಕೊಳಗಾದರು. ಕೇಸಿನಿಂದ ಅವರು ಬಿಡುಗಡೆಯಾದದ್ದು 2023ರಲ್ಲಿ. 2017ರಲ್ಲಿ ತಮಿಳುನಾಡಿನ ಜಿ. ಬಾಲ ಅವರ ಬಂಧನ. 2025ರ ಫೆಬ್ರವರಿಯಲ್ಲಿ ಪ್ರಧಾನಿಯನ್ನು ಸಂಕೋಲೆಯಲ್ಲಿ ತೋರಿಸಿದ ಒಂದು ಕಾರ್ಟೂನಿನ ನಂತರ ವಿಕಟನ್ ಜಾಲತಾಣವೇ ಬಂದ್ ಆಯಿತು, ಮದ್ರಾಸ್ ಹೈಕೋರ್ಟಿಗೆ ಹೋಗಬೇಕಾಯ್ತು.

ಹೆದರಿಸೋಕೆ ಹೇಳ್ತಿಲ್ಲ. ಟ್ಯಾಬ್ಲೆಟ್ ಕೊಳ್ಳೋ ಮಾತಿಗೆ ಇದಕ್ಕೆ ನೇರ ಸಂಬಂಧ ಇದೆ. ಕಾಗದದಲ್ಲಿ ಬರೆದು, ಒಣಗಲು ಬಿಟ್ಟು, ಸ್ಕ್ಯಾನ್ ಮಾಡಿ ಕಳಿಸುವಷ್ಟರಲ್ಲಿ ಒಂದು ಗಂಟೆ ಆಗ್ತಿತ್ತು. ಆ ಗಂಟೆಯಲ್ಲಿ ಕೋಪ ಇಳಿದು, ಇದು ಅಧಿಕಾರಸ್ಥರಿಗೆ ತಾಗುತ್ತಾ ಅಥವಾ ಬಡಪಾಯಿ ಯಾರಿಗೋ ತಾಗುತ್ತಾ ಅಂತ ಇನ್ನೊಮ್ಮೆ ಯೋಚನೆ ಬರ್ತಿತ್ತು. ಟ್ಯಾಬ್ಲೆಟ್‌ನಲ್ಲಿ ಕೋಪಕ್ಕೂ ಪೋಸ್ಟಿಗೂ ನಡುವೆ ಹತ್ತು ನಿಮಿಷ. ಒಬ್ಬ ಮಂತ್ರಿಯ ಮೇಲಿನ ಸಿಟ್ಟಿಗೆ ಅವರ ದೇಹದ ದಪ್ಪವನ್ನು ಹಿಡಿದು ಬರೆದ ನನ್ನದೇ ಒಂದು ಕಾರ್ಟೂನ್ ಇದೆ. ರಾತ್ರಿ ಹನ್ನೊಂದಕ್ಕೆ ಹಾಕಿದ್ದೆ, ಬೆಳಗ್ಗೆ ನೋಡಿ ನಾಚಿಕೆಯಾಗಿ ತೆಗೆದೆ. ಅಷ್ಟರಲ್ಲಿ ಎಲ್ಲೆಲ್ಲೋ ಹೋಗಿತ್ತು. ಕಾಗದದಲ್ಲಾಗಿದ್ದರೆ ಬೆಳಗ್ಗೆ ಹರಿದು ಹಾಕ್ತಿದ್ದೆ. ಈಗ ಮುಗಿದ ಮೇಲೆ ಒಂದು ಗಂಟೆ ಮುಚ್ಚಿಟ್ಟೇ ಹಾಕೋದು.

ಇನ್ನೊಂದು, ಲೇಯರ್ ಇರುವ ಮೂಲ ಫೈಲನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ನಿಮ್ಮ ಕಾರ್ಟೂನಿನ ಮಾತು ಬದಲಿಸಿ ಯಾರೋ ಹರಿಬಿಟ್ಟರೆ, ನಾನು ಬರೆದದ್ದು ಇದು ಅಂತ ತೋರಿಸೋಕೆ ಅದು ಬೇಕಾಗುತ್ತೆ.

ಕಡೆಗೆ ಅವಳು ಮಾಡಿದ್ದು ಇಷ್ಟು. ಕಾಲೇಜಿನ ಮೇಷ್ಟ್ರೊಬ್ಬರ ಹತ್ತಿರ ಲಾಕ್‌ಡೌನ್ ಕಾಲದ ಹಲಗೆಯೊಂದು ಸಿಕ್ಕಿತು. ಒಂದು ವಾರ ಫೋನಿಗೆ ಸಿಕ್ಕಿಸಿ ನೋಡಿದಳು, ಕಣ್ಣು ನೋವು ಬಂತು. ಬಸ್ ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯ ಅಣ್ಣನನ್ನು ಕೇಳಿದಳು. ಮಧ್ಯಾಹ್ನ ಎರಡರಿಂದ ನಾಲ್ಕು ಗಿರಾಕಿ ಕಮ್ಮಿ, ಅಲ್ಲೊಂದು ಕಂಪ್ಯೂಟರ್ ಖಾಲಿ. ಬದಲಿಗೆ ಅಂಗಡಿಗೆ ಬರುವ ಮದುವೆ ಕಾರ್ಡು, ಫ್ಲೆಕ್ಸುಗಳಿಗೆ ಹೆಸರನ್ನು ಕೈಬರಹದಲ್ಲಿ ಬರೆದುಕೊಡಬೇಕು ಅಂತ ಒಪ್ಪಂದ. ಹಲಗೆಗೆ ಮೇಷ್ಟ್ರು 1,500 ತಗೊಂಡರು. ಪೆನ್ನಿನ ಮೊನೆ ಪೂರ್ತಿ ಸವೆದಿತ್ತು, ಹೊಸ ಮೊನೆಗಳ ಪ್ಯಾಕೆಟ್ ತರಿಸಿದಳು. ಉಳಿದ ದುಡ್ಡು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಅಂತ ಎತ್ತಿಟ್ಟಿದ್ದಾಳೆ.

ಮೊನ್ನೆ ಒಂದು ಚಿತ್ರ ಕಳಿಸಿದ್ದಳು. ಫ್ಲೆಕ್ಸ್ ಅಂಗಡಿ ಮುಂದೆ ಒಬ್ಬ ನಾಯಕರ ಹುಟ್ಟುಹಬ್ಬದ ಬ್ಯಾನರು ಪ್ರಿಂಟ್ ಆಗ್ತಿದೆ. ಬ್ಯಾನರು ಅಂಗಡಿ ದಾಟಿ, ರಸ್ತೆ ದಾಟಿ, ಬಸ್ ಸ್ಟ್ಯಾಂಡ್ ದಾಟಿ ಹೋಗಿದೆ, ಶುಭ ಕೋರುವವರ ಫೋಟೋಗಳು ಇನ್ನೂ ಮುಗಿದಿಲ್ಲ. ಗೆರೆ ಸ್ವಲ್ಪ ನಡುಗಿದೆ. "ಶುಭಾಶಯಗಳು" ಅನ್ನೋದನ್ನು ಮಾತ್ರ ಬಲು ಚಂದ ಬರೆದಿದ್ದಾಳೆ.